ರೂಟರ್ ಪೋರ್ಟಿನಲ್ಲಿ ಎರರ್, ಸಿಪಿಯು 90 ದಾಟುತ್ತಿದೆ: ಅನುಭವ ಇದ್ದವರು ಹೇಳಿ

ಕಾಲೇಜು ಲ್ಯಾಬ್ ನೋಡಿಕೊಳ್ಳುವವರು

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಊರಿನ ಡಿಗ್ರಿ ಕಾಲೇಜು. 60 ಕಂಪ್ಯೂಟರ್, ಒಂದು ಹಳೆಯ ಸಿಸ್ಕೋ 1841 ರೂಟರ್. ಹದಿನೈದು ದಿನದಿಂದ ಬೆಳಿಗ್ಗೆ ಮಕ್ಕಳು ಲ್ಯಾಬಿಗೆ ಬಂದು ಕೂತ ಕೂಡಲೇ ನೆಟ್ ತೆವಳುತ್ತದೆ. ಸಿಪಿಯು 90 ಪರ್ಸೆಂಟ್ ದಾಟುತ್ತದೆ. ಹೊರಗಿನ ಲೈನ್ ಬರುವ ಪೋರ್ಟಿನಲ್ಲಿ ಎರರ್ ಲೆಕ್ಕವೂ ಏರುತ್ತಲೇ ಇದೆ. ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿ, ಮತ್ತೆ ಅದೇ ಕಥೆ. ಹೊಸ ರೂಟರ್ ತಗೊಳ್ಳಿ ಎಂದು ಒಬ್ಬರು ಹೇಳಿದರು. ಪ್ರಿನ್ಸಿಪಾಲರ ಹತ್ತಿರ ಆ ಮಾತು ಎತ್ತುವ ಮೊದಲು ಇಲ್ಲಿ ಕೇಳೋಣ ಅನ್ನಿಸಿತು.

ಬೆಂಗಳೂರಿನಿಂದ, ನೆಟ್‌ವರ್ಕ್ ಕೆಲಸದಲ್ಲಿರುವವರು

ಮೇಡಂ, ಮೊದಲು ಆಫ್-ಆನ್ ಮಾಡುವುದನ್ನು ನಿಲ್ಲಿಸಿ. ರೀಸ್ಟಾರ್ಟ್ ಆದರೆ ಕೌಂಟರ್‌ಗಳೆಲ್ಲ ಸೊನ್ನೆಗೆ ಬರುತ್ತವೆ, ಇದ್ದ ಸುಳಿವೂ ಹೋಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ತಪ್ಪು ಮಾಡಿ ಒಂದು ವಾರ ಕಳೆದುಕೊಂಡಿದ್ದೇನೆ. ಬೆಳಿಗ್ಗೆ ಮಕ್ಕಳು ಬರುವ ಮೊದಲು 'ಕ್ಲಿಯರ್ ಕೌಂಟರ್ಸ್' ಕಮಾಂಡ್ ಕೊಡಿ. ಒಂದು ಗಂಟೆ ಬಿಟ್ಟು 'ಶೋ ಇಂಟರ್‌ಫೇಸಸ್' ನೋಡಿ. ಒಟ್ಟು ಲೆಕ್ಕ ನೋಡಿ ಗಾಬರಿಯಾಗಬೇಡಿ, ಯಾವ ಸಾಲು ಏರುತ್ತಿದೆ ಅಂತ ಗುರುತು ಮಾಡಿಕೊಳ್ಳಿ.

ಸಿಆರ್‌ಸಿ (ಡೇಟಾ ಕೆಟ್ಟಿದೆಯೇ ಎಂದು ನೋಡುವ ಪರೀಕ್ಷೆಯಲ್ಲಿ ಸೋತದ್ದರ ಲೆಕ್ಕ) ಏರಿದರೆ ಫ್ರೇಮ್, ಅಂದರೆ ತಂತಿಯಲ್ಲಿ ಹೋಗುವ ಡೇಟಾ ಕಟ್ಟು, ದಾರಿಯಲ್ಲಿ ಹಾಳಾಗಿ ಬರುತ್ತಿದೆ ಎಂದರ್ಥ. ಸಾಮಾನ್ಯವಾಗಿ ಕೇಬಲ್, ಕನೆಕ್ಟರ್ ಅಥವಾ ಪೋರ್ಟಿನ ತೊಂದರೆ. 'ಲೇಟ್ ಕೊಲಿಷನ್' (ಕಳಿಸಲು ಶುರು ಮಾಡಿ ತಡವಾಗಿ ಆಗುವ ಡಿಕ್ಕಿ) ಏರಿದರೆ ನನ್ನ ಅನುಮಾನ ಮೊದಲು ಡ್ಯೂಪ್ಲೆಕ್ಸ್ ಮೇಲೆ ಹೋಗುತ್ತದೆ, ಅಂದರೆ ಎರಡೂ ತುದಿ ಒಟ್ಟಿಗೆ ಕಳಿಸಬಹುದಾ (ಫುಲ್), ಸರದಿಯಲ್ಲೇ ಕಳಿಸಬೇಕಾ (ಹಾಫ್) ಅನ್ನುವ ಸೆಟ್ಟಿಂಗ್. ಇನ್‌ಪುಟ್ ಕ್ಯೂನಲ್ಲಿ ಡ್ರಾಪ್ ಕಾಣಿಸಿದರೆ ಅದು ತಂತಿಯ ತಪ್ಪಲ್ಲ. ಬಂದ ಪ್ಯಾಕೆಟ್ ನೋಡಲು ರೂಟರ್‌ಗೆ ಪುರುಸೊತ್ತು ಸಿಗುತ್ತಿಲ್ಲ, ಅಷ್ಟೇ.

ಇನ್ನೊಂದು ವಿಷಯ. ಹಾಳಾದ ಫ್ರೇಮನ್ನು ಪೋರ್ಟೇ ಎಸೆದುಬಿಡುತ್ತದೆ. ಅದೊಂದರಿಂದಲೇ ಸಿಪಿಯು 90ಕ್ಕೆ ಹೋಗುವುದು ಕಷ್ಟ. ಹಾಗಾಗಿ ನಿಮ್ಮಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇರಬಹುದು. 'ಶೋ ಪ್ರೊಸೆಸಸ್ ಸಿಪಿಯು ಸಾರ್ಟೆಡ್' ಕೊಡಿ. ಮೊದಲ ಸಾಲಿನಲ್ಲಿ ಅಡ್ಡಗೆರೆ ಹಾಕಿ ಎರಡು ಅಂಕಿ ಬರುತ್ತವೆ. ಮೊದಲನೆಯದು ಒಟ್ಟು ಹೊರೆ. ಎರಡನೆಯದು ಅದರೊಳಗೆ ಇಂಟರಪ್ಟ್ ಪಾಲು, ಹೆಚ್ಚಾಗಿ ಪ್ಯಾಕೆಟ್ ದಾಟಿಸುವ ಕೆಲಸ. ಎರಡೂ ಹತ್ತಿರ ಇದ್ದರೆ ಟ್ರಾಫಿಕ್ಕೇ ಆ ಪೆಟ್ಟಿಗೆಗೆ ಜಾಸ್ತಿಯಾಗಿದೆ. ಮಧ್ಯೆ ದೊಡ್ಡ ಅಂತರ ಇದ್ದರೆ ಒಳಗೆ ಯಾವುದೋ ಪ್ರೊಸೆಸ್ ಸಿಪಿಯು ತಿನ್ನುತ್ತಿದೆ. ಪಟ್ಟಿಯ ಮೇಲೆ ಯಾವ ಹೆಸರಿದೆ ತಿಳಿಸಿ. ಹದಿನೈದು ದಿನದ ಹಿಂದೆ ಏನಾದರೂ ಬದಲಾಯಿತಾ ಅನ್ನುವುದನ್ನೂ ನೆನಪು ಮಾಡಿಕೊಳ್ಳಿ.

ಮಲೆನಾಡಿನ ಒಂದು ಆಫೀಸಿನಿಂದ

ನಮ್ಮಲ್ಲಿ ಸಿಆರ್‌ಸಿ ಏರುತ್ತಿದ್ದುದು ಸಂಜೆ ಮಾತ್ರ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಫಾಲ್ಸ್ ಸೀಲಿಂಗ್ ತೆಗೆದು ನೋಡಿದೆವು. ನೆಟ್‌ವರ್ಕ್ ಕೇಬಲನ್ನು ಟ್ಯೂಬ್‌ಲೈಟಿನ ವೈರಿಗೆ ಸೇರಿಸಿ ಕಟ್ಟಿದ್ದರು, ಒಂದು ಕಡೆ ಇಲಿಯೂ ಕಡಿದಿತ್ತು. ಕೇಬಲ್ ಬೇರೆ ದಾರಿಯಲ್ಲಿ ಎಳೆಸಿದೆವು, ನಿಂತಿತು. ತಾಮ್ರದ ಕೇಬಲ್ 100 ಮೀಟರ್ ದಾಟಬಾರದು, ಅದನ್ನೂ ಅಳೆದು ನೋಡಿ. ಫೈಬರ್ ಆದರೆ ಕನೆಕ್ಟರ್ ತುದಿಯ ಧೂಳು ಒರೆಸಿ. ಬರಿಗೈಯಲ್ಲಿ ಮುಟ್ಟಬೇಡಿ.

ಕಾಲೇಜು ಲ್ಯಾಬ್ ನೋಡಿಕೊಳ್ಳುವವರು

ಸರ್, ನೀವು ಕೇಳಿದ ಮೇಲೆ ನೆನಪಾಯಿತು. ಹಳೆಯ ಸೀರಿಯಲ್ ಲೀಸ್ಡ್ ಲೈನ್ (ಎರಡೇ ತುದಿ ಇರುವ ಬಾಡಿಗೆ ಲೈನ್) ತೆಗೆದು ಫೈಬರ್ ಕೊಟ್ಟಿದ್ದು ಅದೇ ವಾರ. ಈಗ ಮೀಡಿಯಾ ಕನ್ವರ್ಟರಿನಿಂದ (ಫೈಬರ್ ಸಿಗ್ನಲನ್ನು ತಾಮ್ರದ ಕೇಬಲಿಗೆ ಬದಲಿಸುವ ಪೆಟ್ಟಿಗೆ) ಫಾಸ್ಟ್ ಈಥರ್ನೆಟ್ 0/0ಗೆ ಬರುತ್ತದೆ. ಸಿಆರ್‌ಸಿ ಸೊನ್ನೆ. ಲೇಟ್ ಕೊಲಿಷನ್ ಒಂದು ಗಂಟೆಗೆ 400 ಮೇಲೆ. ಸಿಪಿಯು 93/22. ಮೊದಲ ಹೆಸರು 'ಎಆರ್‌ಪಿ ಇನ್‌ಪುಟ್'.

ಬೆಂಗಳೂರಿನಿಂದ, ನೆಟ್‌ವರ್ಕ್ ಕೆಲಸದಲ್ಲಿರುವವರು

ಹಾಗಾದರೆ ಹೊಸ ರೂಟರ್ ಸದ್ಯಕ್ಕೆ ಬೇಡ ಮೇಡಂ.

ಲೇಟ್ ಕೊಲಿಷನ್ ಯಾಕೆ ಅಂದರೆ, ಆ ಕಡೆಯ ಸರ್ವಿಸ್ ಕೊಡುವವರು ಕನ್ವರ್ಟರನ್ನು 100 ಫುಲ್ (100 ಎಂಬಿಪಿಎಸ್, ಫುಲ್ ಡ್ಯೂಪ್ಲೆಕ್ಸ್) ಅಂತ ಗಟ್ಟಿ ಮಾಡಿಟ್ಟಿರಬೇಕು. ನಿಮ್ಮದು ಆಟೋ, ಅಂದರೆ ಎರಡೂ ತುದಿ ಮಾತಾಡಿಕೊಂಡು ತಾವೇ ಆರಿಸಿಕೊಳ್ಳುವುದು. ಒಂದು ಕಡೆ ಆಟೋ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ವೇಗ ಗೊತ್ತಾಗುತ್ತದೆ, ಡ್ಯೂಪ್ಲೆಕ್ಸ್ ಗೊತ್ತಾಗುವುದಿಲ್ಲ. ಆಗ ಆಟೋ ಇರುವ ಕಡೆ ಹಾಫ್‌ಗೆ ಇಳಿಯುತ್ತದೆ. ನಿಮ್ಮ ರೂಟರ್ ಕಳಿಸುತ್ತಿರುವಾಗಲೇ ಅವರದ್ದೂ ಕಳಿಸುತ್ತದೆ, ನಿಮ್ಮದು ಅದನ್ನು ಡಿಕ್ಕಿ ಎಂದು ಲೆಕ್ಕ ಹಾಕುತ್ತದೆ. ಎರಡೂ ಕಡೆ ಆಟೋ ಇರಲಿ, ಇಲ್ಲವೇ ಎರಡೂ ಕಡೆ 100 ಫುಲ್ ಇರಲಿ.

ಇನ್ನು ಎಆರ್‌ಪಿ. ಒಂದು ಐಪಿ ಯಾವ ಯಂತ್ರದ್ದು ಎಂದು ಕೂಗಿ ಕೇಳಿ ತಿಳಿಯುವ ಕ್ರಮ ಅದು. ನಿಮ್ಮ ಡೀಫಾಲ್ಟ್ ರೂಟ್ (ಹೊರಗಿನ ಟ್ರಾಫಿಕ್ ಯಾವ ಕಡೆ ಹೋಗಬೇಕು ಅನ್ನುವ ಸಾಲು) ನೋಡಿ. 0.0.0.0 0.0.0.0 ಆದಮೇಲೆ ಮುಂದಿನ ರೂಟರಿನ ಐಪಿ ಇದೆಯಾ, ಬರೀ ಪೋರ್ಟಿನ ಹೆಸರಿದೆಯಾ? ಸೀರಿಯಲ್ ಲೈನಿನಲ್ಲಿ ಪೋರ್ಟಿನ ಹೆಸರು ಸಾಕು, ಆ ತುದಿಯಲ್ಲಿ ಇರುವುದು ಒಬ್ಬರೇ ತಾನೇ. ಈಥರ್ನೆಟ್‌ನಲ್ಲಿ ಹಾಗೆ ಬರೆದರೆ, ಇಡೀ ಇಂಟರ್ನೆಟ್ಟೇ ಆ ತಂತಿಯ ಮೇಲಿದೆ ಎಂದು ರೂಟರ್ ತಿಳಿಯುತ್ತದೆ. ಮಕ್ಕಳು ತೆರೆಯುವ ಒಂದೊಂದು ಹೊಸ ಐಪಿಗೂ 'ಈ ವಿಳಾಸ ಯಾರದ್ದು' ಎಂದು ಕೂಗುತ್ತದೆ. ಆ ಕಡೆಯ ರೂಟರಿನಲ್ಲಿ ಪ್ರಾಕ್ಸಿ ಎಆರ್‌ಪಿ ಇದ್ದರೆ ಅದು ಎಲ್ಲದಕ್ಕೂ 'ನನ್ನದು' ಎನ್ನುತ್ತದೆ. ನೆಟ್ ನಡೆಯುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. 'ಶೋ ಎಆರ್‌ಪಿ' ಕೊಟ್ಟು ನೋಡಿ. ಹೊರಗಿನ ನೂರಾರು, ಸಾವಿರಾರು ಐಪಿಗೆ ಒಂದೇ ಮ್ಯಾಕ್ ವಿಳಾಸ (ಪೋರ್ಟಿನ ಹಾರ್ಡ್‌ವೇರ್ ವಿಳಾಸ) ಇದ್ದರೆ ಇದೇ ತೊಂದರೆ. ಸಿಸ್ಕೋದಲ್ಲಿ ಸುಮ್ಮನಿದ್ದರೆ ಒಂದೊಂದು ಸಾಲೂ 4 ಗಂಟೆ ಉಳಿಯುತ್ತದೆ, ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಸರ್ವಿಸ್ ಕೊಡುವವರ ಹತ್ತಿರ ಗೇಟ್‌ವೇ ಐಪಿ (ಅವರ ಕಡೆಯ ರೂಟರಿನ ವಿಳಾಸ) ಕೇಳಿ ಹೊಸ ರೂಟ್ ಹಾಕಿ. ಹಳೆಯದನ್ನು ಮರೆಯದೆ ತೆಗೆಯಿರಿ, ಎರಡೂ ಉಳಿದರೆ ಅರ್ಧ ಟ್ರಾಫಿಕ್ ಹಳೆಯ ದಾರಿಯಲ್ಲೇ ಹೋಗಬಹುದು. ರೂಟರಿಗೇ ನೇರವಾಗಿ ಕನ್ಸೋಲ್ ಕೇಬಲ್ ಹಾಕಿಕೊಂಡು ಮಾಡಿ. ಎಲ್ಲ ಸರಿ ಕಂಡ ಮೇಲೆ 'ರೈಟ್ ಮೆಮೊರಿ' ಕೊಟ್ಟು ಸೇವ್ ಮಾಡಿ.

ಕೇಬಲ್ ಇಂಟರ್ನೆಟ್ ನಡೆಸುವವರು, ಹಾವೇರಿ ಕಡೆ

ಮೈಕ್ರೋಟಿಕ್ ಕಂಪನಿಯ ರೂಟರ್ ಇಟ್ಟುಕೊಂಡವರಿಗೆ ಒಂದು ಮಾತು. ನನ್ನ ಪೆಟ್ಟಿಗೆ ಒಂದು ರಾತ್ರಿ 100 ಪರ್ಸೆಂಟ್ ಹೋಗಿ ನಿಂತಿತ್ತು, ಆಗ ಆನ್‌ಲೈನ್ ಇದ್ದ ಗಿರಾಕಿಗಳು ನಾಲ್ಕೇ ಜನ. 'ಟೂಲ್ ಪ್ರೊಫೈಲ್'ನಲ್ಲಿ ಡಿಎನ್ಎಸ್ (ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ಸೇವೆ) ಮೇಲಿತ್ತು. ಡಿಎನ್ಎಸ್‌ನಲ್ಲಿ 'ಅಲೋ ರಿಮೋಟ್ ರಿಕ್ವೆಸ್ಟ್ಸ್' (ಬೇರೆಯವರ ಪ್ರಶ್ನೆಗೂ ಉತ್ತರ ಕೊಡು) ನಾನೇ ಹಾಕಿದ್ದೆ, ಡಿಎನ್ಎಸ್ ಪ್ರಶ್ನೆ ಬರುವ 53ನೇ ಪೋರ್ಟ್ ನಂಬರನ್ನು (ತಂತಿ ಸಿಕ್ಕಿಸುವ ಪೋರ್ಟ್ ಅಲ್ಲ) ಹೊರಗಿನವರಿಗೆ ಮುಚ್ಚಿರಲಿಲ್ಲ. ಊರವರೆಲ್ಲ ನನ್ನ ರೂಟರಿಗೆ ಪ್ರಶ್ನೆ ಕಳಿಸುತ್ತಿದ್ದರು. ಹೊರಗಿನ ಪೋರ್ಟಿನಿಂದ ಬರುವ ಯುಡಿಪಿ 53, ಟಿಸಿಪಿ 53 ಎರಡನ್ನೂ ಫೈರ್‌ವಾಲಿನಲ್ಲಿ ತಡೆದೆ. ಎರಡು ನಿಮಿಷದಲ್ಲಿ ಇಳಿಯಿತು.

ಕಾಲೇಜು ಲ್ಯಾಬ್ ನೋಡಿಕೊಳ್ಳುವವರು

ಸರ್, ನೀವು ಹೇಳಿದ್ದೇ ಇತ್ತು. ಲೈನ್ ಬದಲಿಸಿದ ದಿನ ರೂಟ್ ಸಾಲಿನಲ್ಲಿ ಸೀರಿಯಲ್ ಹೆಸರು ಅಳಿಸಿ ಈಥರ್ನೆಟ್ ಹೆಸರು ಬರೆದಿದ್ದರು, ಅಷ್ಟೇ. 'ಶೋ ಎಆರ್‌ಪಿ' ಪುಟ ಮುಗಿಯಲೇ ಇಲ್ಲ. ಗೇಟ್‌ವೇ ಐಪಿ ಹಾಕಿ ಹಳೆಯದನ್ನು ತೆಗೆದೆ. ಇವತ್ತು 60 ಮಕ್ಕಳೂ ಕೂತಿದ್ದಾಗ ಸಿಪಿಯು 24/19. ಕನ್ವರ್ಟರಿನ ವಿಷಯಕ್ಕೆ ಫೋನ್ ಮಾಡಿದೆ, ಆಟೋ ಮಾಡಿಕೊಟ್ಟರು. ಮಧ್ಯಾಹ್ನದಿಂದ ಲೇಟ್ ಕೊಲಿಷನ್ ಒಂದೂ ಏರಿಲ್ಲ. ಲ್ಯಾಬ್ ಕಡೆಯ 0/1 ಪೋರ್ಟಿನಲ್ಲಿ ಮಾತ್ರ ಏಳು ಸಿಆರ್‌ಸಿ ಕಾಣಿಸಿದೆ. ಆ ಕೇಬಲ್ ಕಿಟಕಿ ಪಕ್ಕ ಹೋಗುತ್ತದೆ, ನಾಳೆ ಬದಲಿಸಿ ನೋಡುತ್ತೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.