ಮಲಯಾಳದಿಂದ ಕನ್ನಡಕ್ಕೆ ತಿರುಗಿಸಿದರೆ ಕುಂಬಳೆ 'ಕುಮ್ಪಳ' ಆಗ್ತಿದೆ, ಏನು ಮಾಡಲಿ?

ತೋಟದಮನೆ_ಕೋಡ್ (ಬದಿಯಡ್ಕ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಂಪನಿಗೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಮನೆಯಿಂದಲೇ ಕೆಲಸ ಮಾಡ್ತೇನೆ. ಹಗಲು ಲ್ಯಾಪ್‌ಟಾಪ್, ಸಂಜೆ ತೋಟ. ಈಗ ಮಳೆ ಎರಡು ದಿನ ಬಿಟ್ಟಿದೆ, ಅಡಕೆಗೆ ಮದ್ದು ಬಿಡಿಸುವ ಗಡಿಬಿಡಿ ಬೇರೆ. ಇದರ ನಡುವೆ ನಮ್ಮೂರ ವಾಚನಾಲಯದ ಒಂದು ಕೆಲಸ ಹಿಡಿದಿದ್ದೇನೆ, ಅದರಲ್ಲಿ ಸಿಕ್ಕಿಬಿದ್ದಿದ್ದೇನೆ.

ಸದಸ್ಯರ ಪಟ್ಟಿ ಎಕ್ಸೆಲ್‌ನಲ್ಲಿ ಉಂಟು. 412 ಹೆಸರು, ಮನೆ, ಊರು, ಎಲ್ಲ ಮಲಯಾಳ ಲಿಪಿಯಲ್ಲಿ. ಕನ್ನಡ ಓದುವವರಿಗೆ ಕನ್ನಡದಲ್ಲೇ ಕಾರ್ಡು ಕೊಡಬೇಕು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಜಾಗ 3200ರಿಂದ ಶುರು, ಮಲಯಾಳದ್ದು 3328ರಿಂದ. ಎರಡೂ ಭಾರತದ ಲಿಪಿಗಳಿಗೆ ಮಾಡಿದ್ದ ಹಳೆಯ ಇಸ್ಕಿ ಸಂಕೇತದ ಜೋಡಣೆಯನ್ನೇ ಹಿಡಿದು ಬಂದದ್ದರಿಂದ ಮಲಯಾಳದ 'ಕ'ದಿಂದ 128 ಕಳೆದರೆ ನೇರವಾಗಿ ಕನ್ನಡದ 'ಕ' ಸಿಗ್ತದೆ. ಹಾಗಾಗಿ ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು ಓಡಿಸಿದೆ.

ಉಪ್ಪಳ, ಮುಳ್ಳೇರಿಯ ಸರಿಯಾಗಿ ಬಂದವು. ಆದರೆ ಕುಂಬಳೆ 'ಕುಮ್ಪಳ' ಆಯ್ತು, ಮಂಜೇಶ್ವರ 'ಮಞ್ಚೇಶ್ವರಂ' ಆಯ್ತು, ಸುಂದರ 'ಸುನ್ದರ' ಆದ. ಮಧೂರಿನ ಕೊನೆಯಲ್ಲಿ ಖಾಲಿ ಚೌಕ.

ಮಾದರಿಗೆ ಒಂದು ಕಾರ್ಡು ಪ್ರಿಂಟ್ ಮಾಡಿ ಪಕ್ಕದ ಮನೆಯ ಅಜ್ಜಿಗೆ ಕೊಟ್ಟೆ. ಅವರು ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದವರು, ಸಹಿ ಈಗಲೂ ಕನ್ನಡದಲ್ಲೇ ಹಾಕ್ತಾರೆ. ಕನ್ನಡಕ ಹಾಕಿಕೊಂಡರು, ಕಾರ್ಡನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಆಮೇಲೆ 'ಶಙ್ಕರಿ' ಅಂತ ಇದ್ದ ಕಡೆ ಬೆರಳಿಟ್ಟು, "ಇದು ಯಾವ ಅಕ್ಷರ ಮಗಾ? ನನ್ನ ಹೆಸರಲ್ಲಿ ಇದು ಇಲ್ಲ" ಅಂದರು. ನನಗೆ ಅವತ್ತು ರಾತ್ರಿ ನಿದ್ದೆ ಸರಿ ಬರಲಿಲ್ಲ.

ಇನ್ನೊಂದು ಪ್ರಶ್ನೆ. ನಾರಾಯಣ, ಬಾಲಕೃಷ್ಣ ಇವೆಲ್ಲ ಪಟ್ಟಿಯಲ್ಲಿ 'ನಾರಾಯಣನ್', 'ಬಾಲಕೃಷ್ಣನ್' ಅಂತ ಉಂಟು. ಕೊನೆಯ 'ನ್' ತೆಗೆದುಬಿಡುವ ಒಂದು ಸಾಲು ಕೋಡ್ ಸೇರಿಸಿದರೆ ಸಾಕಾ?

ಪಯಸ್ವಿನಿ_ದಂಡೆ (ಮುಳ್ಳೇರಿಯ)

128 ಕಳೆಯೋದು ಒಳ್ಳೆಯ ಶುರು, ಆದರೆ ಅದು ಅರ್ಧ ದಾರಿ ಮಾತ್ರ. ನಾನು ಇದೇ ತರಹದ ಕೆಲಸ ಮಾಡಿದ್ದೆ, ಅದಕ್ಕೆ ಸ್ವಲ್ಪ ಉದ್ದ ಬರೀತೇನೆ.

ಚೌಕ ಬರೋದು ಚಿಲ್ಲು ಅಕ್ಷರಗಳಿಂದ. ಮಲಯಾಳದಲ್ಲಿ ನ್, ರ್, ಲ್, ಳ್, ಣ್ ಇವುಗಳಿಗೆ ಬೇರೆಯೇ ಅಕ್ಷರ ಉಂಟು, ಕನ್ನಡದ ಪಟ್ಟಿಯಲ್ಲಿ ಆ ಜಾಗ ಖಾಲಿ. ಮೊದಲೇ ಅವನ್ನು ವ್ಯಂಜನ ಮತ್ತು ವಿರಾಮವಾಗಿ (ಅಂದರೆ 'ನ್'ದಲ್ಲಿ ಕಾಣುವ ಅರ್ಧಾಕ್ಷರದ ಚಿಹ್ನೆ) ಬಿಡಿಸಿಕೊಳ್ಳಿ. ಇನ್ನೊಂದು ಎಚ್ಚರಿಕೆ: ಈ ಚಿಲ್ಲುಗಳಿಗೆ ಒಂಟಿ ಸಂಕೇತ ಸಿಕ್ಕಿದ್ದು 2008ರಲ್ಲಿ, ಯೂನಿಕೋಡ್ 5.1ರಲ್ಲಿ. ಅದಕ್ಕೂ ಮೊದಲು ಟೈಪ್ ಮಾಡಿದ ಫೈಲುಗಳಲ್ಲಿ ವ್ಯಂಜನ, ವಿರಾಮ, ಕಣ್ಣಿಗೆ ಕಾಣದ ಒಂದು ಜೋಡಕ, ಹೀಗೆ ಮೂರು ಸೇರಿ ಚಿಲ್ಲು ಆಗ್ತಿತ್ತು. ಒಂದೇ ಹೆಸರು ಎರಡು ರೀತಿ ಇದ್ದರೆ ಹುಡುಕಿದಾಗ ಒಂದು ಸಿಗ್ತದೆ, ಇನ್ನೊಂದು ಸಿಗೋದಿಲ್ಲ. ಎರಡನ್ನೂ ನೋಡಿಕೊಳ್ಳಿ.

ಅನುನಾಸಿಕಕ್ಕೆ: ಙ್, ಞ್, ಣ್, ನ್, ಮ್ ಇವುಗಳ ಮುಂದೆ ಅದೇ ವರ್ಗದ ಮೊದಲ ನಾಲ್ಕು ಅಕ್ಷರಗಳಲ್ಲಿ ಒಂದು ಬಂದರೆ ಸೊನ್ನೆ (ಂ) ಮಾಡಿ. ನಾಲ್ಕೇ, ಐದಲ್ಲ. ಐದನೆಯದನ್ನೂ ಸೇರಿಸಿದರೆ 'ಅಮ್ಮ' ಹೋಗಿ 'ಅಂಮ' ಆಗ್ತದೆ. ಇದರಿಂದ ಶಂಕರಿ, ಸುಂದರ, ಚಂದ್ರ ಎಲ್ಲ ಸರಿಯಾಗ್ತಾರೆ.

ಹಳೆಗನ್ನಡದಲ್ಲಿದ್ದ ಱ ಅಕ್ಷರ ಕೂಡ ಬರ್ತದೆ, ಅದನ್ನು ರ ಮಾಡಿ. ಆದರೆ ಅದಕ್ಕೂ ಮೊದಲು 'ಱ್ಱ' ಅನ್ನು 'ಟ್ಟ' ಮಾಡಿಕೊಳ್ಳಬೇಕು, ಮಲಯಾಳದಲ್ಲಿ ಹಾಗೆ ಬರೆದು 'ಟ್ಟ'ದ ಹತ್ತಿರದ ಉಚ್ಚಾರ ಮಾಡ್ತಾರೆ. ಕ್ರಮ ತಪ್ಪಿದರೆ 'ರ್ರ' ಅಂತ ಉಳಿದುಬಿಡ್ತದೆ, ಮತ್ತೆ ಹುಡುಕೋದು ಕಷ್ಟ. ಹಳೆಗನ್ನಡದ ಇನ್ನೊಂದು ಅಕ್ಷರ ೞ ಬರುವ ಹೆಸರಿಗೂ 128ರ ಲೆಕ್ಕ ಹಿಡಿಯೋದಿಲ್ಲ, ಕನ್ನಡದಲ್ಲಿ ಅದನ್ನು ಬೇರೆ ಕಡೆ ಕೂರಿಸಿದ್ದಾರೆ. ಯೂನಿಕೋಡ್‌ನಲ್ಲಿ ಅದಕ್ಕೆ ತಪ್ಪಾಗಿ 'ಫಾ' ಅನ್ನುವ ಹೆಸರು ಬಿದ್ದಿದೆ, ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಹಾಗಿಲ್ಲ ಅಂತ ಹಾಗೇ ಉಳಿದಿದೆ.

ಕುಮ್ಪಳಕ್ಕೆ ಮಾತ್ರ ನಿಯಮ ಮಾಡಬೇಡಿ. ಮಲಯಾಳದಲ್ಲಿ 'ಮ್ಪ' ಬರೆದು 'ಂಬ' ಅಂತ ಓದ್ತಾರೆ, ನಿಜ. ಆದರೆ ಎಲ್ಲ 'ಮ್ಪ'ವನ್ನೂ 'ಂಬ' ಮಾಡಿದರೆ ಚಂಪಕ ಹೋಗಿ ಚಂಬಕ ಆಗ್ತಾಳೆ.

ಉಪ್ಪಳ_ಪೇಟೆ

ದಯವಿಟ್ಟು ಆ 'ನ್' ತೆಗೆಯುವ ಸಾಲು ಬರೆಯಬೇಡಿ.

ನಮ್ಮ ಮನೆಮಾತು ಮಲಯಾಳ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಪುಸ್ತಕ ಓದೋದೂ ಕನ್ನಡದಲ್ಲೇ ಜಾಸ್ತಿ. ನನ್ನ ಹೆಸರಲ್ಲಿ 'ನ್' ಉಂಟು, ಅದು ಯಾರೋ ಗುಮಾಸ್ತರು ಸೇರಿಸಿದ್ದಲ್ಲ, ಅಪ್ಪ ಇಟ್ಟದ್ದು. ಆದರೆ ನನ್ನ ಜೊತೆ ಕಲಿತ ತುಳು ಮನೆಯ ಗೆಳೆಯನಿಗೆ ಒಂದು ಕಾಗದದಲ್ಲಿ ಸುಮ್ನೆ 'ನ್' ಸೇರಿಹೋಗಿ, ಅದನ್ನು ತೆಗೆಸೋದಕ್ಕೆ ಒಂದು ಕಚೇರಿಗೆ ಏಳೆಂಟು ಸಲ ಅಲೆದ. ಎಕ್ಸೆಲ್‌ನಲ್ಲಿ ನಮ್ಮಿಬ್ಬರ ಹೆಸರೂ ಒಂದೇ ತರಹ ಕಾಣ್ತದೆ. ತುಳು, ಕೊಂಕಣಿ, ಬ್ಯಾರಿ, ಹವ್ಯಕ, ಮರಾಠಿ, ಮಲಯಾಳ ಎಲ್ಲ ಒಂದೇ ಬಸ್ಸಿನಲ್ಲಿ ಹೋಗುವ ಊರು ನಮ್ಮದು. ಕೋಡ್‌ಗೆ ಇದು ಹೇಗೆ ಗೊತ್ತಾಗಬೇಕು? ಅವರನ್ನೇ ಕೇಳಿ.

ಮಳೆಗಾಲ_24

ಕೈಯಾರೆ ಬರೆಯುವ ಮೊದಲು 'ಅಕ್ಷರಮುಖ' ನೋಡಿ. ಲಿಪಿ ಬದಲಿಸುವ ಉಚಿತ ತಾಣ, ಮಲಯಾಳ, ಕನ್ನಡ ಎರಡೂ ಉಂಟು. ಚಿಲ್ಲುಗಳ ತಲೆನೋವು ಕಡಿಮೆಯಾಗ್ತದೆ.

ಹಳೇ_ಕಾಗದ (ಮಂಜೇಶ್ವರ)

ನಾನು ಸಾಫ್ಟ್‌ವೇರ್‌ನವನಲ್ಲ, ನಿವೃತ್ತ ಮೇಷ್ಟ್ರು. ಊರಿನ ಹೆಸರಿಗೆ ಒಂದು ದಾರಿ ಹೇಳ್ತೇನೆ. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರುವ ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ನಮ್ಮ ಮನೆಯ ಆ ಕಾಲದ ಜಾಗದ ಕಾಗದಗಳೆಲ್ಲ ಕನ್ನಡದಲ್ಲೇ ಉಂಟು. ಊರು, ಬೈಲು, ತರವಾಡು ಮನೆಗಳ ಹೆಸರು ಅದರಲ್ಲಿ ಹೇಗಿದೆಯೋ ಹಾಗೇ ಬರೆದುಕೊಳ್ಳಿ. ನಿಮ್ಮ ವಾಚನಾಲಯದ ಸುತ್ತಿನಲ್ಲಿ ಹೆಚ್ಚೆಂದರೆ ಮೂವತ್ತು ನಲವತ್ತು ಊರು ಬರಬಹುದು, ಒಂದು ಸಂಜೆಯ ಕೆಲಸ. ಬದಿಯಡ್ಕವನ್ನು 'ಬದಿಯಡುಕ್ಕ' ಅಂತ ಬರೆದ ಬೋರ್ಡ್ ನೋಡುವಾಗೆಲ್ಲ ನನಗೆ ಬೇಜಾರಾಗ್ತದೆ. 'ಅಡ್ಕ' ಅಂದರೆ ಈ ಕಡೆಯ ಬಯಲು ಜಾಗ, ಆ ಪದದಲ್ಲೇ ಊರಿನ ನೆಲ ಉಂಟು.

ತೋಟದಮನೆ_ಕೋಡ್ (ಬದಿಯಡ್ಕ)

ಎಲ್ಲರಿಗೂ ತುಂಬಾ ಧನ್ಯವಾದ. ಹತ್ತು ದಿನ ಬಿಟ್ಟು ಬರೀತಿದ್ದೇನೆ. ನಡುವೆ ಗಾಳಿಮಳೆಗೆ ತಂತಿ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ, ಇನ್ವರ್ಟರ್ ಆಫೀಸ್ ಕೆಲಸಕ್ಕೇ ಸಾಕಾಗಲಿಲ್ಲ.

ಚಿಲ್ಲು, ಸೊನ್ನೆ, ಟ್ಟ, ರ ಇವಿಷ್ಟನ್ನೂ ಕೋಡ್‌ನಲ್ಲಿ ಹಾಕಿದೆ. ಊರಿನ ಹೆಸರಿಗೆ ಪಟ್ಟಿ ಮಾಡಿಕೊಂಡೆ, ಮೇಷ್ಟ್ರು ಹೇಳಿದ ಹಾಗೆ ಅಪ್ಪನ ಪೆಟ್ಟಿಗೆಯಲ್ಲಿದ್ದ ಹಳೆಯ ಕಾಗದ ನೋಡಿ. 'ನ್' ಮುಟ್ಟಲಿಲ್ಲ. ಅಂಥ ಹೆಸರು, ಮತ್ತೆ ೞ, ಮ್ಪ, ಞ್ಚ ಇರುವವು ಒಟ್ಟು 58 ಸಿಕ್ಕವು, ಅವನ್ನು ಹಳದಿ ಬಣ್ಣ ಮಾಡಿ ಪ್ರಿಂಟ್ ತೆಗೆದು ಮನೆಮನೆಗೆ ಹೋಗ್ತಿದ್ದೇನೆ. ಇವತ್ತಿಗೆ 21 ಆಯ್ತು. ಅದರಲ್ಲಿ 'ನ್' ಬೇಕು ಅಂದವರು ಒಂಬತ್ತು ಜನ, ಬೇಡ ಅಂದವರು ಏಳು, ಉಳಿದ ಐದು ಬೇರೆ ತರಹದವು. ಒಬ್ಬರು ಪೆನ್ನು ತೆಗೆದುಕೊಂಡು ತಾವೇ ಬರೆದುಕೊಟ್ಟರು.

ಅಜ್ಜಿಗೆ ಹೊಸ ಕಾರ್ಡು ಕೊಟ್ಟೆ. ಒಂದೊಂದೇ ಅಕ್ಷರ ಓದಿ, "ಹ್ಞಾಂ, ಶಂಕರಿ" ಅಂದು ಪಾಸ್‌ಬುಕ್ಕಿನ ಒಳಗೆ ಇಟ್ಟುಕೊಂಡರು.

ಆದಿತ್ಯವಾರ ಪೆರ್ಲದ ಕಡೆಯ ಮನೆಗಳಿಗೆ ಹೋಗುವುದುಂಟು. ಮರಾಠಿ ಮನೆಗಳೂ ಇವೆ, ಆ ಭಾಷೆ ಬರುವವರು ಯಾರಾದರೂ ಜೊತೆಗೆ ಬರ್ತೀರಾ?