ಹಾಲುಣಿಸುವಾಗ ತೂಕ ಇಳಿಸಲು ಅಂಟಿನ ಉಂಡಿ ಬಿಡಬೇಕೋ, ರೊಟ್ಟಿ ಬಿಡಬೇಕೋ?

ಪ್ರಶ್ನೆ (ನವನಗರ, ಬಾಗಲಕೋಟೆ)

ಸಿಸೇರಿಯನ್ ಆಗಿ ನಾಲ್ಕು ತಿಂಗಳಾದವು. ಮಗುವಿಗೆ ಎದೆಹಾಲು ಬಿಟ್ಟರೆ ಬೇರೇನನ್ನೂ ಕೊಡುತ್ತಿಲ್ಲ. ಬಸಿರಿಗೆ ಮೊದಲು 58 ಕೆ.ಜಿ. ಇದ್ದವಳು ಈಗ 69ಕ್ಕೆ ನಿಂತಿದ್ದೇನೆ. ತವರಿನಲ್ಲಿ ಅವ್ವ ಎರಡೂ ಹೊತ್ತು ಅಂಟಿನ ಉಂಡಿ, ಅದರ ಮೇಲೆ ತುಪ್ಪ ಸುರಿದ ಅಳ್ವಿ ಪಾಯಸ ಕೊಡುತ್ತಾಳೆ. ಬೇಡವೆಂದರೆ ಹಾಲು ಬತ್ತುತ್ತದೆ ಎನ್ನುತ್ತಾಳೆ. ಗೆಳತಿಯೊಬ್ಬಳು ರೊಟ್ಟಿ, ಅನ್ನ ಪೂರ್ತಿ ಬಿಟ್ಟು ಕೀಟೊ ಮಾಡು ಎಂದಳು. ಅವಳ ಮಾತು ಕೇಳಿ ಕಳೆದ ವಾರ ಮೂರು ರಾತ್ರಿ ಊಟ ಬಿಟ್ಟೆ. ನಾಲ್ಕನೆಯ ದಿನ ನಸುಕಿನಲ್ಲಿ ಮಗುವನ್ನು ಎತ್ತಿಕೊಳ್ಳಲು ಏಳುವಾಗ ಕಣ್ಣು ಕತ್ತಲೆಗಟ್ಟಿ, ಮಂಚದ ಕಾಲು ಹಿಡಿದು ಕುಳಿತುಬಿಟ್ಟೆ. ಯಾರ ಮಾತು ಕೇಳಲಿ?

ಉತ್ತರ (ವಿಜಯಪುರ, ಎರಡು ಮಕ್ಕಳ ತಾಯಿ)

ಮೊದಲ ಬಾಣಂತನದಲ್ಲಿ ನಾನೂ ಇದೇ ಅವಸರ ಮಾಡಿ, ತೂಕ ಇಳಿಸುವ ಡಬ್ಬಿಯ ಪುಡಿ ಕುಡಿದು ಒಂದೇ ತಿಂಗಳಿಗೆ 4 ಕೆ.ಜಿ. ಇಳಿದೆ, ಆ ತಿಂಗಳು ತಾಯಿ ಕಾರ್ಡಿನಲ್ಲಿ ಮಗುವಿನ ತೂಕದ ಗೆರೆ ಅಡ್ಡಕ್ಕೆ ಮಲಗಿತು. ಎರಡನೆಯ ಸಲ ವೈದ್ಯರನ್ನು ಕೇಳಿಕೊಂಡೇ ನಡಿಗೆ ಶುರುಮಾಡಿದೆ. ಮಗುವಿಗೆ ಹಾಲುಣಿಸಿಯೇ ಹೊರಡಬೇಕು, ಇಲ್ಲವಾದರೆ ಎದೆ ಕಟ್ಟಿ ಭಾರವಾಗಿ ನಾಲ್ಕು ಹೆಜ್ಜೆಗೇ ಸಾಕೆನಿಸುತ್ತದೆ. 8 ಕೆ.ಜಿ. ಇಳಿಯಲು ಒಂಬತ್ತು ತಿಂಗಳು ಹಿಡಿಯಿತು.

ಉತ್ತರ (ಬೆಳಗಾವಿ, ಆಹಾರ ತಜ್ಞೆ)

ಮೊದಲು ಕಣ್ಣುಗತ್ತಲೆಯ ವಿಚಾರ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಹಾಗೆಯೇ ಥೈರಾಯ್ಡ್ ಕೂಡ ನೋಡಲು ವೈದ್ಯರನ್ನು ಕೇಳಿ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗುವುದುಂಟು, ತೂಕ ಇಳಿಯದಿರಲು ಅದೂ ಕಾರಣವಾಗಬಹುದು. ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರ 180 ದಿನ ನುಂಗಬೇಕು. ಹೆಚ್ಚಿನವರು ಆಸ್ಪತ್ರೆಯಿಂದ ಮನೆಗೆ ಬಂದ ತಿಂಗಳಿಗೇ ಅದನ್ನು ಮರೆಯುತ್ತಾರೆ.

ಎದೆಹಾಲು ಮಾತ್ರ ಕುಡಿಸುವ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕ. ಅದರಲ್ಲಿ ಒಂದಷ್ಟನ್ನು ಬಸಿರಿನಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ದೇಹ ಭರಿಸಲಿ ಎಂದು ಬಿಟ್ಟರೆ ವಾರಕ್ಕೆ ಅರ್ಧ ಕೆ.ಜಿ.ಯವರೆಗೆ ಇಳಿಯಬಹುದು, ಅದಕ್ಕಿಂತ ವೇಗ ಬೇಡ. ಕೀಟೊ ಅಂತೂ ಬೇಡವೇ ಬೇಡ. ಹಾಲುಣಿಸುವವರು ಪಿಷ್ಟವನ್ನು ಪೂರ್ತಿ ಬಿಟ್ಟಾಗ ರಕ್ತದಲ್ಲಿ ಆಮ್ಲ ಏರಿ, ವಾಂತಿ, ಏದುಸಿರಿನಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ಅಪರೂಪವಾದರೂ ದಾಖಲಾಗಿವೆ.

ಆದ್ದರಿಂದ ಜೋಳದ ರೊಟ್ಟಿ ಇರಲಿ, ಜೊತೆಗೆ ಮಡಕಿ ಕಾಳು, ಮೆಂತ್ಯೆ ಪಲ್ಯ, ಮೊಸರು ಇರಲಿ. ಕಡಿಮೆ ಮಾಡಬೇಕಾದದ್ದು ಉಂಡಿಯನ್ನು. ಕೊಬ್ಬರಿ, ಬೆಲ್ಲ, ತುಪ್ಪ ಸೇರಿದ ನಿಂಬೆಹಣ್ಣಿನ ಗಾತ್ರದ ಒಂದು ಉಂಡಿಯಲ್ಲೇ 200 ಕ್ಯಾಲೊರಿಯ ಆಸುಪಾಸು ಇರುತ್ತದೆ. ದಿನಕ್ಕೆ ಒಂದು ಸಾಕು. ಹಾಲು ಬರುವುದು ತುಪ್ಪದ ಲೆಕ್ಕದಲ್ಲಲ್ಲ, ಮಗು ಎಷ್ಟು ಸಲ ಚೀಪಿ ಎದೆ ಬರಿದುಮಾಡುತ್ತದೆ ಎಂಬ ಲೆಕ್ಕದಲ್ಲಿ. ಮಗು ದಿನಕ್ಕೆ ಆರಕ್ಕೂ ಹೆಚ್ಚು ಸಲ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲಿನ ಚಿಂತೆ ಬೇಡ. ಹೊಟ್ಟೆಯ ವ್ಯಾಯಾಮವನ್ನು ಮಾತ್ರ ಹೊಲಿಗೆ ನೋಡಿದ ವೈದ್ಯರ ಒಪ್ಪಿಗೆಯಿಲ್ಲದೆ ತೊಡಗಬೇಡಿ.

ಪ್ರಶ್ನೆ ಕೇಳಿದವರು

ನಾಳೆಯೇ ರಕ್ತ ಪರೀಕ್ಷೆಗೆ ಹೋಗುತ್ತೇನೆ, ರಾತ್ರಿಯ ರೊಟ್ಟಿ ಇಂದಿನಿಂದಲೇ ಮತ್ತೆ ಶುರು. ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, ನಿಂಬೆಹಣ್ಣೆಂದರೆ ಇಂಡಿ ಊರಿನ ನಿಂಬೆಯೋ ಗಜನಿಂಬೆಯೋ ಕೇಳು ಎಂದಳು.