ಸಹಾಯ ಬೇಕು: ಗಂಡು ಮಗುವಿನ ಹರ್ನಿಯಾದಲ್ಲಿ ಗರ್ಭಕೋಶ

ನಮಸ್ಕಾರ. ನಾವು ಸಿಂಧನೂರಿನವರು. ಅಕ್ಕನ ಎರಡು ವರ್ಷದ ಮಗನಿಗೆ ರಾಯಚೂರಿನಲ್ಲಿ ತೊಡೆಸಂದಿನ ಹರ್ನಿಯಾ ಶಸ್ತ್ರಚಿಕಿತ್ಸೆ ಆಯಿತು. ಚೀಲ ಬಿಡಿಸಿದರೆ ಎರಡೂ ವೃಷಣಗಳು ಒಂದೇ ಬದಿಯಲ್ಲಿ, ನಡುವೆ ಹೆಬ್ಬೆರಳಿನಷ್ಟು ಗರ್ಭಕೋಶ! ವೈದ್ಯರು ಏನನ್ನೂ ಕತ್ತರಿಸದೆ, ಬಯಾಪ್ಸಿಗೆ ಚೂರು ತೆಗೆದು ಹೊಲಿದರು. ಅದೇ ಸರಿ ಎನ್ನುತ್ತೇನೆ; ವೀರ್ಯನಾಳ ಆ ಗರ್ಭಕೋಶದ ಗೋಡೆಗೇ ಅಂಟಿಕೊಂಡಿರುತ್ತದೆ, ಅವಸರ ಮಾಡಿದರೆ ಅದಕ್ಕೆ ಪೆಟ್ಟು.

ಗಂಡು ಭ್ರೂಣದಲ್ಲಿ ಗರ್ಭಕೋಶ ಬೆಳೆಯದಂತೆ ತಡೆಯುವ ಆಂಟಿ ಮುಲ್ಲೇರಿಯನ್ ಹಾರ್ಮೋನು ಕೆಲಸ ಮಾಡದಿದ್ದರೆ ಹೀಗಾಗುತ್ತದೆ. ಮಗು ಗಂಡೇ, ಅದರಲ್ಲಿ ಅನುಮಾನವಿಲ್ಲ ಎಂದಿದ್ದಾರೆ ವೈದ್ಯರು. ಆದರೂ ನೆರೆಹೊರೆಯವರ ಮಾತಿಗೆ ಅಕ್ಕ ಕುಗ್ಗಿಹೋಗಿದ್ದಾಳೆ. ಅವಳದು ಸೋದರಮಾವನೊಂದಿಗಿನ ಮದುವೆ. ಈ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಕಾಣಿಸುವಂಥದ್ದು, ರಕ್ತಸಂಬಂಧದ ಮದುವೆಯಲ್ಲಿ ಅದರ ಸಾಧ್ಯತೆ ಹೆಚ್ಚು. ಹಿರಿಯ ಮಗನನ್ನೂ ತೋರಿಸಬೇಕೇ?

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಕ್ರೋಮೋಸೋಮ್ ಪರೀಕ್ಷೆ ಎಲ್ಲಿ ಮಾಡುತ್ತಾರೆ? ಇಂಥ ಮಗುವಿಗೆ ವೃಷಣ ಕೆಳಗಿಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿದವರು ಇದ್ದರೆ ದಯವಿಟ್ಟು ತಿಳಿಸಿ. ಅಕ್ಕನೊಂದಿಗೆ ಮಾತನಾಡಲು ಒಬ್ಬ ತಾಯಿ ಸಿಕ್ಕರೂ ದೊಡ್ಡ ಉಪಕಾರ.